ಒಂದೂವರೆ ಡಿಗ್ರಿಯ ಕೊಸರು

ಮೈಸೂರಿನ ಕುಂಬಾರಕೊಪ್ಪಲಿನ ಮರಿಸ್ವಾಮಿಯ ಮಗಳು ದೇವಿರಮ್ಮನಿಗೆ ಸಿಟ್ಟು ಬಂದರೆ ಕೂಗಾಡುವ ಅಭ್ಯಾಸವಿರಲಿಲ್ಲ. ಪೆನ್ಸಿಲ್ ಕೆತ್ತಲು ಕೂರುತ್ತಿದ್ದಳು. ಅವಳ ಕಚೇರಿಯಲ್ಲಿ ಉಳಿದವರಿಗೆ ತಿಂಗಳಿಗೆ ಒಂದು ಪೆನ್ಸಿಲ್ ಸಾಕಾದರೆ ಅವಳಿಗೆ ಐದು ಬೇಕಾಗುತ್ತಿತ್ತು. ಉಗ್ರಾಣದ ಗುಮಾಸ್ತ ಇದಕ್ಕೆ ವಿವರಣೆ ಕೇಳಿ ಒಮ್ಮೆ ಚೀಟಿ ಕಳಿಸಿದ. ಅದನ್ನು ಓದಿ ಅವಳು ಆರನೆಯದನ್ನು ಕೆತ್ತಿದಳು.

ಸಿಟ್ಟಿನ ದಾಸ್ತಾನು ಶುರುವಾದದ್ದು ೧೯೪೭ರಲ್ಲಿ. ಆ ವರ್ಷ ಇಂಟರ್‌ಮೀಡಿಯಟ್‌ನಲ್ಲಿ ಭೌತಶಾಸ್ತ್ರಕ್ಕೆ ಅವಳಿಗೆ ಬಂದಷ್ಟು ಅಂಕ ಅವಳ ಕಾಲೇಜಿನ ಯಾವ ಹುಡುಗನಿಗೂ ಬಂದಿರಲಿಲ್ಲ. ಊರೆಲ್ಲ ಬಾವುಟ, ಮೆರವಣಿಗೆ, ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗು. ಅವಳ ಮನೆಯಲ್ಲಿ ಮಾತ್ರ ಗಂಡು ನೋಡುವ ಮಾತು. ಸೋದರಮಾವ ಮಹದೇವಪ್ಪ ನಡುಮನೆಯಲ್ಲಿ ಕಾಲು ಚಾಚಿ ಕೂತು, "ಇಷ್ಟು ಓದಿದ್ದೇ ಜಾಸ್ತಿ ಆಯ್ತು ಬುಡು ಭಾವ. ಇನ್ನೂ ಓದ್ಸುದ್ರೆ ಇವಳ್ಗೆ ಗಂಡು ಹುಡ್ಕೋಕೆ ನಾವು ವಿಲಾಯ್ತಿಗೇ ಹೋಗ್ಬೇಕು" ಅಂದ.

ಮರಿಸ್ವಾಮಿ ನಂಜನಗೂಡಿನ ಕಡೆಯ ಹೊಲ ಬಿಟ್ಟು ಬಂದು ಸಂತೆಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟವನು. ದೊಡ್ಡ ಮಾತಿನ ಮನುಷ್ಯನಲ್ಲ. ದಿನಾ ಬೆಳಿಗ್ಗೆ ತಕ್ಕಡಿಯ ಎರಡು ತಟ್ಟೆಯ ಕಲ್ಲುಗಳನ್ನು ಅದಲುಬದಲು ಮಾಡಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಿ, ಆಮೇಲಷ್ಟೇ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದ. ಅವನನ್ನು ಹರಿಶ್ಚಂದ್ರ ಎಂದು ತಿಳಿಯಬೇಕಾಗಿಲ್ಲ. ತಕ್ಕಡಿ ಸುಳ್ಳಾಡಿದರೆ ಅದು ಯಾರ ಪರವಾಗಿ ಆಡುತ್ತಿದೆ ಎಂಬುದು ತನಗೊಬ್ಬನಿಗಾದರೂ ಗೊತ್ತಿರಲಿ ಎಂಬುದು ಅವನ ಕಾಳಜಿ. ತೂಕ ಮುಗಿದ ಮೇಲೆ ಗಿರಾಕಿಯ ಕೈಗೆ ಒಂದು ಚೂರು ಬೆಲ್ಲ ಕೊಸರು ಹಾಕುತ್ತಿದ್ದ. ಸುಮ್ಮನೆ ಯಾಕೆ ಕೊಡುತ್ತೀ ಎಂದು ಮಗಳು ಕೇಳಿದ್ದಕ್ಕೆ, "ಕೊಸರು ಕೊಟ್ಟಾಗ ಗಿರಾಕಿ ಕಣ್ಣು ಕೊಸರಿನ್ ಮೇಲಿರ್ತದೆ ಕಣವ್ವ. ಮುಳ್ಳಿನ್ ಮೇಲಿರಾಕಿಲ್ಲ" ಎಂದಿದ್ದ.

ಭಾವಮೈದುನನ ಮಾತು ಕೇಳಿಸಿಕೊಂಡ ಈ ಮನುಷ್ಯ ಮಾರನೆಯ ವಾರ ಮಗಳ ಟ್ರಂಕು ಹೊತ್ತು ಬೆಂಗಳೂರಿನ ರೈಲು ಹತ್ತಿದ. ನಾಲ್ಕು ವರ್ಷದ ನಂತರ ಅವಳು ಎಂ.ಎಸ್ಸಿ. ಮುಗಿಸಿ ವಾಪಸು ಬಂದಳು. ಬಿಸಿ ಎಂಬುದು ಒಂದು ವಸ್ತುವಿನೊಳಗೆ ಹೇಗೆ, ಎಷ್ಟು ಹೊತ್ತಿಗೆ ನುಗ್ಗುತ್ತದೆ ಎಂಬುದು ಅವಳು ಕಲಿತ ವಿದ್ಯೆ. ಮೂರು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದಳು. ೧೯೫೪ರಲ್ಲಿ ಗೋಕುಲಂ ಬಡಾವಣೆಯ ಆಚೆ, ಊರು ಮುಗಿದು ಬಯಲು ಶುರುವಾಗುವಲ್ಲಿ, ಹಳೇ ಬಂಗಲೆಯೊಂದಕ್ಕೆ ಸುಣ್ಣ ಬಳಿದು ಸೈನ್ಯದವರು ಬೋರ್ಡು ಹಾಕಿದರು. 'ಎಂಟನೇ ಸಂಶೋಧನಾ ಘಟಕ' ಎಂದು ಅದರ ಹೆಸರು. ಉಳಿದ ಏಳು ಎಲ್ಲಿದ್ದವು ಎಂದು ಕೇಳಿದರೆ ಅದು ರಹಸ್ಯ ಎನ್ನುತ್ತಿದ್ದರು. ಗಡಿಯಲ್ಲಿರುವ ಸಿಪಾಯಿಗಳಿಗೆ ಡಬ್ಬಿಯಲ್ಲಿ ಮುಚ್ಚಿ ಕಳಿಸುವ ಮಾಂಸ, ಬೇಳೆ, ಪಲ್ಯ ಕೆಡದಂತೆ ಎಷ್ಟು ಬೇಯಿಸಬೇಕೆಂದು ಗೊತ್ತುಮಾಡುವುದು ಆ ಘಟಕದ ಕೆಲಸ.

ಸಂದರ್ಶನಕ್ಕೆ ಕೂತವರು ನಿರ್ದೇಶಕ ಡಾಕ್ಟರ್ ನಂಜುಂಡಸ್ವಾಮಿ. ಲಿವರ್‌ಪೂಲಿನಲ್ಲಿ ಆರು ವರ್ಷ ಇದ್ದು ಬಂದ ರಸಾಯನಶಾಸ್ತ್ರದ ಪಂಡಿತರು. ಮೈಸೂರಿನ ಬಿಸಿಲಲ್ಲೂ ಟೈ ಬಿಚ್ಚದವರು.

"ಮದುವೆ ಯಾವಾಗ?" ಅವರ ಮೊದಲ ಪ್ರಶ್ನೆ.

"ಬಿಸಿಯ ಬಗ್ಗೆ ಕೇಳ್ತೀರಿ ಅಂತ ಓದಿಕೊಂಡು ಬಂದಿದ್ದೆ ಸಾರ್."

"ಬಿಸಿ ಇದೆ ಅಂತ ಕಾಣ್ತಿದೆಯಲ್ಲ" ಎಂದು ನಂಜುಂಡಸ್ವಾಮಿ ನಕ್ಕರು. ಪಕ್ಕದವರೂ ನಕ್ಕರು. ಸಾಹೇಬರು ನಕ್ಕಾಗ ನಗುವುದು ಆ ಪಕ್ಕದವರ ಹುದ್ದೆಯ ಕರ್ತವ್ಯಗಳಲ್ಲಿ ಒಂದಾಗಿತ್ತು.

ಕೆಲಸ ಸಿಕ್ಕಿತು, ಆದರೆ ತಾತ್ಕಾಲಿಕ. ಮದುವೆಯಾದ ದಿನವೇ ತಾನಾಗಿ ರದ್ದಾಗುವಂಥದ್ದು. ಪ್ರತಿ ಏಪ್ರಿಲ್‌ನಲ್ಲಿ 'ನಾನು ಈವರೆಗೆ ಅವಿವಾಹಿತಳು' ಎಂದು ಬರೆದು ಸಹಿ ಹಾಕಬೇಕು. ಅವಳಿಗಿಂತ ಮೂರು ವರ್ಷ ತಡವಾಗಿ ಸೇರಿದ, ಅವಳ ಹತ್ತಿರವೇ ಕೆಲಸ ಕಲಿತ ಇಬ್ಬರು ಗಂಡಸರು ಖಾಯಂ ಆದರು. ಅವರು ಮದುವೆಯಾದಾಗ ಕಚೇರಿಯೇ ಬೆಳ್ಳಿ ಲೋಟ ಕೊಟ್ಟಿತು. ಏಪ್ರಿಲ್ ಬಂದಾಗ ಆ ಇಬ್ಬರಲ್ಲೊಬ್ಬ ಅವಳ ಮೇಜಿನ ಬಳಿ ನಿಂತು, "ಈ ವರ್ಷಾನೂ ಸೈನ್ ಹಾಕ್ಬುಟ್ರಾ ಮೇಡಂ?" ಎಂದು ವಿಚಾರಿಸುವ ರೂಢಿ ಇಟ್ಟುಕೊಂಡಿದ್ದ. ಪೆನ್ಸಿಲ್ ಖರ್ಚಾಗುತ್ತಿದ್ದ ತಿಂಗಳುಗಳಲ್ಲಿ ಏಪ್ರಿಲ್ಲೇ ಮೊದಲನೆಯದು.

ಇದೆಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ಒಂದು ಬಾಗಿಲು. ಬಂಗಲೆಯ ಹಿಂದೆ ತಗಡಿನ ಸೂರಿನ ಕೋಣೆಯಿತ್ತು. ಅದರೊಳಗೆ ಡಬ್ಬಿಗಳನ್ನು ಒಟ್ಟಿ, ಮುಚ್ಚಳ ಬಿಗಿದು, ಆವಿ ತುಂಬಿ ಬೇಯಿಸುವ ಆಳೆತ್ತರದ ಕಬ್ಬಿಣದ ಪಾತ್ರೆ. ಬಾಗಿಲ ಮೇಲೆ ಮೂರು ಭಾಷೆಯಲ್ಲಿ ಬೋರ್ಡು: 'ಅಪಾಯ. ಸ್ತ್ರೀಯರಿಗೆ ಪ್ರವೇಶವಿಲ್ಲ.' ಯಾವ ಅಪಾಯ ಗಂಡಸನ್ನು ಬಿಟ್ಟು ಹೆಂಗಸನ್ನೇ ಹುಡುಕಿಕೊಂಡು ಬರುತ್ತದೆ ಎಂದು ಅವಳು ಬರೆದು ಕೇಳಿದ್ದಳು. ಸೀರೆ, ಎಂದು ಉತ್ತರ ಬಂತು. ಸೆರಗು ಕಟ್ಟಿಕೊಳ್ಳುತ್ತೇನೆ ಎಂದು ಬರೆದಳು. ಅದಕ್ಕೆ ಉತ್ತರ ಬರಲಿಲ್ಲ.

ಹಾಗಾಗಿ ಕೆಲಸದ ಏರ್ಪಾಡು ಹೀಗಾಯಿತು. ಆವಿ ಕೋಣೆಯಲ್ಲಿ ಹುಚ್ಚಣ್ಣ ಎಂಬಾತ ಪಾತ್ರೆ ನೋಡಿಕೊಳ್ಳುತ್ತಿದ್ದ. ಒತ್ತಡದ ಮುಳ್ಳು ಎಷ್ಟು ತೋರಿಸಿತು, ಉಷ್ಣಮಾಪಕ ಎಷ್ಟು ತೋರಿಸಿತು ಎಂದು ಚೀಟಿಯಲ್ಲಿ ಬರೆದು ಅಂಗಳ ದಾಟಿ ತಂದು ಅವಳ ಮೇಜಿನ ಮೇಲಿಡುತ್ತಿದ್ದ. ಅವಳು ಆ ಅಂಕಿಗಳಿಂದ, ಡಬ್ಬಿಯ ನಡುಗರ್ಭಕ್ಕೆ ಬಿಸಿ ತಲುಪಲು ಎಷ್ಟು ನಿಮಿಷ ಬೇಕೆಂದು ಕೋಷ್ಟಕ ಕಟ್ಟಿ, ಚೀಟಿಯ ಮೂಲೆಯಲ್ಲಿ ಸಣ್ಣ ಸಹಿ ಹಾಕುತ್ತಿದ್ದಳು. ಘಟಕದ ಇಡೀ ಸಂಶೋಧನೆ ಎಂದರೆ ಅವಳ ಆ ಕೋಷ್ಟಕವೇ. ಕಣ್ಣಿಗೆ ಬಟ್ಟೆ ಕಟ್ಟಿ ಒಲೆಯ ಮುಂದೆ ಕೂರಿಸಿ, ಅಡುಗೆ ಬೆಂದಿತೋ ಇಲ್ಲವೋ ನೀನೇ ಹೇಳಬೇಕು ಎಂದಂತೆ.

"ಒಳಗೆ ಏನಿದೆ ಹುಚ್ಚಣ್ಣ?" ಎಂದು ಒಮ್ಮೆ ಕೇಳಿದ್ದಳು.

"ಸೆಕೆ ಐತೆ ಕಣ್ರವ್ವ" ಅಂದಿದ್ದ ಅವನು.

೧೯೫೯ರ ಹೊತ್ತಿಗೆ ವಿದೇಶದಿಂದ ಸಾಮಾನು ತರಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿತ್ತು. ಹಳೆಯ ಉಷ್ಣಮಾಪಕಗಳು ಒಂದೊಂದಾಗಿ ಒಡೆದು ಕೊನೆಗೆ ಒಂದೇ ಜರ್ಮನ್ ಮಾಪಕ ಉಳಿಯಿತು. ನಂಜುಂಡಸ್ವಾಮಿ ಅದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಬೀರುವಿಗೆ ಹಾಕಿ, ಬೀಗದ ಕೈಯನ್ನು ತಮ್ಮ ಜನಿವಾರದ ಜಾಗದಲ್ಲಿ, ಅಂದರೆ ಟೈನ ಹಿಂದೆ ಎದೆಯ ಮೇಲೆ, ದಾರಕ್ಕೆ ಕಟ್ಟಿಕೊಂಡರು. ಇದು ಮೂಲ ಮಾಪಕ, ಒಡೆದರೆ ಇನ್ನೊಂದಿಲ್ಲ ಎಂಬ ಕಾರಣಕ್ಕೆ ಯಾವುದನ್ನೂ ಅದರೊಂದಿಗೆ ಹೋಲಿಸಿ ನೋಡುವುದು ನಿಂತಿತು. ನೂರು ರೂಪಾಯಿ ನೋಟು ಹರಿದೀತೆಂದು ಹಾಸಿಗೆಯಡಿ ಇಟ್ಟು ಜೀವಮಾನವೆಲ್ಲ ಸಾಲದಲ್ಲಿ ಸಾಮಾನು ತರುವ ಗೃಹಸ್ಥರನ್ನು ನಮ್ಮ ಪೇಟೆಯವರೆಲ್ಲ ಕಂಡಿದ್ದಾರೆ.

ಬದಲಿಗೆ ಸ್ವದೇಶಿ ಮಾಪಕ ತಯಾರಿಸಲು ಶುರುಮಾಡಿದರು. ಗಾಜು ಊದುವ ಜವರಪ್ಪ ಕೊಳವೆ ಮಾಡಿ ಪಾದರಸ ತುಂಬಿದ. ಮಂಜುಗಡ್ಡೆಯಲ್ಲಿ ಇಟ್ಟು ಸೊನ್ನೆಯ ಗೆರೆ ಎಳೆದ. ನೀರು ಕುದಿಸಿ ನೂರರ ಗೆರೆ ಎಳೆಯುವ ದಿನ ಸ್ವತಃ ನಿರ್ದೇಶಕರೇ ಬಂದು ನಿಂತು, "ನೀರು ಕುದಿಯಿತು. ನೂರು ಎಳಿ" ಎಂದರು. ಅವನು ಎಳೆದ. ಫೋಟೋ ತೆಗೆದರು. ದಿಲ್ಲಿಯಿಂದ ಪ್ರಶಂಸಾಪತ್ರ ಬಂತು.

ಹೊಸ ಮಾಪಕವನ್ನು ಆವಿಪಾತ್ರೆಗೆ ಜೋಡಿಸಿದಾಗ ಎಲ್ಲರಿಗೂ ಸಂತೋಷವಾಯಿತು. ಹತ್ತು ಪೌಂಡು ಒತ್ತಡದಲ್ಲಿ ನೂರ ಹದಿನೈದು ಡಿಗ್ರಿ ಎಂದು ಇಂಗ್ಲಿಷ್ ಪುಸ್ತಕ ಹೇಳುತ್ತಿತ್ತು. ಜವರಪ್ಪನ ಮಾಪಕ ನೂರ ಹದಿನಾರೂವರೆ ತೋರಿಸಿತು. ಬೇಕಾದದ್ದಕ್ಕಿಂತ ಒಂದೂವರೆ ಹೆಚ್ಚು. ಬಿಸಿ ಹೆಚ್ಚಿದ್ದರೆ ಯಾರಿಗೆ ನಷ್ಟ? ಒಳ್ಳೆಯದೇ ಆಯಿತು, ಸಿಪಾಯಿಗಳಿಗೆ ಇನ್ನಷ್ಟು ಭದ್ರ ಎಂದರು. ದೇವಿರಮ್ಮನೂ ಚೀಟಿಯ ಮೂಲೆಯಲ್ಲಿ ಸಹಿ ಹಾಕಿದಳು. ಎರಡು ವರ್ಷ ಚಿಲ್ಲರೆ ಹಾಗೇ ಹಾಕುತ್ತಾ ಹೋದಳು.

೧೯೬೨ರ ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಹುಚ್ಚಣ್ಣ ಚೀಟಿ ಇಟ್ಟವನು ಹೋಗದೆ ನಿಂತ.

"ಏನು?"

"ಉಗ್ರಾಣದಾಗೆ ಐದು ಡಬ್ಬಿ ಹೊಟ್ಟೆ ಉಬ್ಬರಿಸ್ಕಂಡವೆ ಕಣ್ರವ್ವ. ಕುರಿಮಾಂಸದವು. ಸಾಹೇಬ್ರಿಗೆ ಹೇಳ್ದೆ. ಡಬ್ಬಿ ಮಾಡೋನ್ದು ತಪ್ಪು, ಬಿಸಾಕು ಅಂದ್ಬುಟ್ರು."

ಮುಚ್ಚಿದ ಡಬ್ಬಿ ಉಬ್ಬಿತೆಂದರೆ ಒಳಗೆ ಏನೋ ಬದುಕಿದೆ, ಉಸಿರಾಡುತ್ತಿದೆ ಎಂದರ್ಥ. ಅದನ್ನು ತಿಂದವನ ಕಣ್ಣು ಮೊದಲು ಮಂಜಾಗುತ್ತದೆ, ಆಮೇಲೆ ನಾಲಿಗೆ ತೊದಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಅವಳು ಆ ಡಬ್ಬಿಗಳ ಚೀಟಿ ತೆಗೆದಳು. ಎಲ್ಲ ಸರಿಯಾಗಿತ್ತು. ಹತ್ತು ಪೌಂಡು. ನೂರ ಹದಿನಾರೂವರೆ. ಅರವತ್ತು ನಿಮಿಷ. ಮೂಲೆಯಲ್ಲಿ ಅವಳದೇ ಸಹಿ.

ಪುಸ್ತಕಕ್ಕಿಂತ ಒಂದೂವರೆ ಹೆಚ್ಚು ಯಾಕೆ? ಎರಡು ವರ್ಷದಲ್ಲಿ ಮೊದಲ ಸಲ ಅವಳು ಆ ಪ್ರಶ್ನೆ ಕೇಳಿಕೊಂಡಳು. ಆವಿಗೆ ಧಾರಾಳ ಬುದ್ಧಿಯಿಲ್ಲ. ಅಷ್ಟು ಒತ್ತಡಕ್ಕೆ ಅಷ್ಟೇ ಬಿಸಿ. ಮುಳ್ಳು ಸುಳ್ಳಾಡುತ್ತಿರಬೇಕು, ಇಲ್ಲವೇ ಮಾಪಕ. ಪುಸ್ತಕ ಬರೆದವನ ಊರು ಸಮುದ್ರದ ಮಟ್ಟದಲ್ಲಿದೆ, ಮೈಸೂರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿದೆ ಎಂಬುದು ಆಗ ಅವಳ ತಲೆಗೆ ಬಡಿಯಿತು. ಇಲ್ಲಿ ಗಾಳಿಯ ಭಾರ ಕಡಿಮೆ. ಒತ್ತಡದ ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನಷ್ಟೇ. ಇಲ್ಲಿ ನೀರು ನೂರು ಡಿಗ್ರಿಯವರೆಗೆ ಕಾಯುವುದಿಲ್ಲ, ತೊಂಬತ್ತೇಳೂವರೆಗೇ ಕುದಿದುಬಿಡುತ್ತದೆ. ಲಿವರ್‌ಪೂಲಿನಲ್ಲಿ ಆರು ವರ್ಷ ನೀರು ನೂರಕ್ಕೆ ಕುದಿಯುವುದನ್ನು ಕಂಡ ಪಂಡಿತರು ಮೈಸೂರಿನ ತೊಂಬತ್ತೇಳೂವರೆಯ ಮೇಲೆ ನೂರರ ಗೆರೆ ಎಳೆಸಿದ್ದರು.

ಮರುದಿನ ರಜೆ ಹಾಕಿ ಊರೊಳಗಿನ ಕಾಲೇಜಿಗೆ ಹೋದಳು. ಅಲ್ಲಿನ ಪ್ರಯೋಗಶಾಲೆಯ ಗೋಡೆಯಲ್ಲಿ ಪಾದರಸದ ವಾಯುಭಾರಮಾಪಕವಿತ್ತು. ಬಂದವರ ಪುಸ್ತಕದಲ್ಲಿ ಹೆಸರು, ಹೊತ್ತು ಬರೆದು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಓದಿಕೊಂಡಳು. ಇಪ್ಪತ್ತೇಳು ಅಂಗುಲ ಚಿಲ್ಲರೆ. ಮನೆಗೆ ಬಂದು ಲೆಕ್ಕ ಹಾಕಿದಳು. ಈ ಊರಿನ ಗಾಳಿಯಲ್ಲಿ ಮುಳ್ಳು ಹತ್ತು ಪೌಂಡು ತೋರಿಸಿದರೆ ಪಾತ್ರೆಯೊಳಗಿನ ನಿಜವಾದ ಬಿಸಿ ನೂರ ಹದಿಮೂರೂವರೆ. ಬೇಕಾದದ್ದಕ್ಕಿಂತ ಒಂದೂವರೆ ಕಡಿಮೆ. ಜವರಪ್ಪನ ಮಾಪಕ ಆ ಕೊರತೆಯನ್ನು ಮುಚ್ಚಿ, ಮೇಲೊಂದೂವರೆ ಕೊಸರು ಹಾಕಿ ತೋರಿಸುತ್ತಿತ್ತು. ಒಂದೂವರೆ ಡಿಗ್ರಿ ಕಡಿಮೆಯಾದರೆ ಅರವತ್ತು ನಿಮಿಷ ಬೇಯುವುದು ಎಂಬತ್ತೈದು ನಿಮಿಷ ಬೇಯಬೇಕು.

ಬೆಲ್ಲದಂಗಡಿಯವನ ಮಗಳು ಎರಡು ವರ್ಷ ಕೊಸರು ನೋಡುತ್ತಾ ಕೂತಿದ್ದಳು. ಆ ಸಂಜೆ ತಾಯಿ ಪುಟ್ಟತಾಯಮ್ಮ ಮುದ್ದೆ ಇಟ್ಟು ಕರೆದರೆ ಬರಲಿಲ್ಲ. ಕೆತ್ತಲು ಪೆನ್ಸಿಲ್ ಕೂಡ ಮುಟ್ಟಲಿಲ್ಲ. ತನ್ನ ಮೇಲೆ ಬಂದ ಸಿಟ್ಟಿಗೆ ಅದು ಸಾಲದು ಅನ್ನಿಸಿತು.

ನಂಜುಂಡಸ್ವಾಮಿ ಅವಳ ಹಾಳೆಗಳನ್ನು ಓದಿದರು. ಮುಖ ಬಿಳುಚಿದ್ದನ್ನು ನೋಡಿದರೆ ಅರ್ಥವಾಯಿತೆಂದೇ ತಿಳಿಯಬೇಕು. ಅದು ಶಾಲೆಯ ಮಕ್ಕಳಿಗೂ ಅರ್ಥವಾಗುವ ವಿಷಯ, ತೊಂದರೆಯಿದ್ದದ್ದೇ ಅಲ್ಲಿ. ದೊಡ್ಡ ತಪ್ಪನ್ನು ದೊಡ್ಡ ಮನುಷ್ಯ ಒಪ್ಪಬಹುದು. ಇಷ್ಟು ಚಿಕ್ಕ ತಪ್ಪನ್ನು ಹೇಗೆ ಒಪ್ಪುವುದು?

"ನೀವು ಆವಿಪಾತ್ರೆ ನೋಡಿದ್ದೀರಾ?" ಎಂದು ಕೇಳಿದರು.

"ಎಂಟು ವರ್ಷದಿಂದ ನೋಡೋಕೆ ಬಿಟ್ಟಿಲ್ಲ ಸಾರ್."

"ನೋಡದೇ ಇರೋದರ ಬಗ್ಗೆ ಹೇಗ್ರೀ ವರದಿ ಬರೀತೀರಿ?"

"ಬೀರುವಿನಲ್ಲಿರೋ ಜರ್ಮನ್ ಮಾಪಕ ಕೊಡಿ. ಹತ್ತು ನಿಮಿಷ ಸಾಕು."

"ಅದು ಹೊರಗೆ ಬರೋದು ಆಯುಧಪೂಜೆಗೆ ಮಾತ್ರ. ನಿಮಗೆ ಗೊತ್ತಿದೆ."

"ವಿಜಯದಶಮಿ ಮಾರನೇ ದಿನ ನಲವತ್ತು ಸಾವಿರ ಡಬ್ಬಿ ರೈಲಿಗೆ ಹೋಗುತ್ತೆ. ಅದೂ ನಿಮಗೆ ಗೊತ್ತಿದೆ. ಅದು ಬೆಂದಿಲ್ಲ."

ನಂಜುಂಡಸ್ವಾಮಿ ಮೇಜಿನ ಖಾನೆಯಿಂದ ಒಂದು ರಬ್ಬರ್ ಮುದ್ರೆ ತೆಗೆದು, ಶಾಯಿಗೆ ಒತ್ತಿ, ಅವಳ ಪ್ರತಿಯೊಂದು ಹಾಳೆಯ ಮೇಲೂ ಬಡಿದರು. 'ರಹಸ್ಯ.' ಹಾಳೆಗಳನ್ನು ಬೀರುವಿಗೆ ಸೇರಿಸಿದರು.

"ನನ್ನ ಪ್ರತಿ?"

"ರಹಸ್ಯ ಕಾಗದ ಓದೋ ಅಧಿಕಾರ ಖಾಯಂ ನೌಕರರಿಗೆ ಮಾತ್ರ" ಎಂದರು.

ತಾನು ಬರೆದದ್ದನ್ನು ತಾನೇ ಓದಬಾರದು ಎಂಬ ಕಾನೂನು ಇನ್ನೆಲ್ಲಾದರೂ ಇದೆಯೋ ಇಲ್ಲವೋ ತಿಳಿಯದು, ಎಂಟನೇ ಘಟಕದಲ್ಲಿ ಇತ್ತು.

ಅವಳು ಜವರಪ್ಪನ ಬಳಿ ಹೋದಳು. ಅವನು ಊದುತ್ತಿದ್ದ ಕೊಳವೆ ಕೆಳಗಿಟ್ಟು ಕೇಳಿಸಿಕೊಂಡ.

"ನೀರು ಕುದೀತು, ನೂರು ಎಳಿ ಅಂದ್ರು. ಎಳ್ದೆ. ಎಪ್ಪತ್ತು ಎಳಿ ಅಂದಿದ್ರೂ ಎಳೀತಿದ್ದೆ ಕಣಮ್ಮ. ಗೆರೆ ಎಳ್ಯೋದು ನನ್ ಕೆಲ್ಸ, ಅದ್ರ ಪಕ್ದಾಗೆ ಬರ್ಯೋದು ಅವ್ರ ಕೆಲ್ಸ." ಕೊಳವೆ ಮತ್ತೆ ಕೈಗೆತ್ತಿಕೊಂಡು, "ನನ್ ತಮ್ಮನ್ ಮಗ ಪಲ್ಟನ್‌ನಾಗವ್ನೆ" ಅಂದ.

ಆಯುಧಪೂಜೆಯ ದಿನ ಬಂತು. ಬಂಗಲೆಯ ಜಗಲಿಯ ಮೇಲೆ ಚಾಮುಂಡಿಯ ಪಟ, ಮುಂದೆ ಬಾಳೆಲೆ. ಟೈಪ್‌ರೈಟರ್, ತಕ್ಕಡಿ, ಲಾರಿಯ ಸ್ಪ್ಯಾನರ್, ಸ್ಟೇಪ್ಲರ್ ಎಲ್ಲಕ್ಕೂ ಕುಂಕುಮ, ಸೇವಂತಿಗೆ. ನಡುವೆ ಮಖಮಲ್ಲಿನ ಪೆಟ್ಟಿಗೆ ತೆರೆದು ಜರ್ಮನ್ ಮಾಪಕ, ಅದರ ಪಕ್ಕದಲ್ಲಿ ಜವರಪ್ಪನ ಮಾಪಕಗಳ ಸಾಲು. ಅಂದು ಯಾವ ಉಪಕರಣವನ್ನೂ ಯಾರೂ ಬಳಸಬಾರದು, ಅವುಗಳಿಗೆ ವಿಶ್ರಾಂತಿ. ಬಳಸಿದರೆ ವರ್ಷವಿಡೀ ಕೇಡು ಎಂದು ಇಡೀ ಮೈಸೂರು ನಂಬುತ್ತದೆ. ದೇವಿರಮ್ಮನ ಮನೆಯಲ್ಲೂ ಅಂದು ಈಳಿಗೆಮಣೆ ಮುಟ್ಟುವುದಿಲ್ಲ. ಅವಳೂ ಈವರೆಗೆ ಮುಟ್ಟಿದವಳಲ್ಲ.

ಅತಿಥಿಯಾಗಿ ಬಂದವರು ಮೇಜರ್ ದೇವಯ್ಯ, ಕೊಡಗಿನವರು. ಡಬ್ಬಿಗಳನ್ನು ಒಪ್ಪಿಸಿಕೊಂಡು ರೈಲಿಗೆ ಹಾಕಿಸುವುದು ಅವರ ಜವಾಬ್ದಾರಿ. ಜಗಲಿಯ ತುದಿಯಲ್ಲಿ ಸೀಮೆಎಣ್ಣೆ ಸ್ಟೌ ಮೇಲೆ ಅವರಿಗಾಗಿ ಕಾಫಿಯ ನೀರು ಮರಳುತ್ತಿತ್ತು. ಮಂಗಳಾರತಿಯಾಯಿತು. ಕುಂಬಳಕಾಯಿ ಒಡೆಯಲು ಎಲ್ಲರೂ ಅಂಗಳದ ಕಡೆ ತಿರುಗಿದರು.

ದೇವಿರಮ್ಮ ಬಾಳೆಲೆಯ ಮೇಲಿನ ಜರ್ಮನ್ ಮಾಪಕ ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ಜವರಪ್ಪನದು.

"ದೇವ್ರ ಮುಂದಿನ್ ಸಾಮಾನು ಮುಟ್ಬಾರ್ದು ಕಣಮ್ಮ" ಎಂದ ಉಗ್ರಾಣದ ಗುಮಾಸ್ತ, ಮೊದಲು ಕಂಡವನು.

ನಂಜುಂಡಸ್ವಾಮಿ ತಿರುಗಿದರು. "ದೇವಿರಮ್ಮ, ಅದನ್ನ ಕೆಳಗಿಡಿ. ಒಡೆದರೆ ಈ ದೇಶದಲ್ಲಿ ಇನ್ನೊಂದು ಸಿಗಲ್ಲ."

"ಒಡೆಯಲ್ಲ ಸಾರ್. ಬಿಸಿಗೆ ಹೇಗೆ ಇಳಿಸಬೇಕು ಅನ್ನೋದು ಒಂದೇ ನಾನು ಓದಿರೋದು."

ಗಾಜು ಬಿರಿದರೆ ಸಾಕ್ಷಿಯೂ ಹೋಯಿತು, ಕೆಲಸವೂ ಹೋಯಿತು, ನಲವತ್ತು ಸಾವಿರ ಡಬ್ಬಿ ರೈಲು ಹತ್ತುತ್ತವೆ. ಮೊದಲು ಎರಡನ್ನೂ ಆವಿಯಲ್ಲಿ ಹಿಡಿದಳು. ಕುಂಕುಮ ಒದ್ದೆಯಾಗಿ ಅವಳ ಬೆರಳಿಗೆ ಇಳಿಯಿತು. ಸೇವಂತಿಗೆಯ ಒಂದು ಎಸಳು ಕಾಫಿಯ ನೀರಿಗೆ ಬಿತ್ತು. ನಿಧಾನವಾಗಿ ಇಳಿಸಿ, ಕುದಿಯುವ ನೀರಿನಲ್ಲಿ ಜೊತೆಜೊತೆಗೆ ನಿಲ್ಲಿಸಿದಳು.

"ಮೇಜರ್ ಸಾಹೇಬರೇ, ಇಲ್ಲಿ ಬಂದು ಓದಿ. ನಾನು ಓದಿದರೆ ಅದು ರಹಸ್ಯ ಆಗಿಬಿಡುತ್ತೆ."

ದೇವಯ್ಯ ಕನ್ನಡಕ ಹಾಕಿಕೊಂಡು ಬಗ್ಗಿದರು. "ಇದು ನೂರು. ಇದು..." ಇನ್ನಷ್ಟು ಬಗ್ಗಿದರು. "ತೊಂಬತ್ತೇಳೂವರೆ. ಯಾವುದು ಸರಿ?"

"ನೂರು ಅಂತಿರೋದು ಇಲ್ಲಿ ಮಾಡಿದ್ದು. ಎರಡು ವರ್ಷದಿಂದ ಅದನ್ನ ನಂಬಿ ಡಬ್ಬಿ ಬೇಯಿಸಿದ್ದೀವಿ. ನಾನೇ ಸಹಿ ಹಾಕಿದ್ದೀನಿ."

"ಸ್ಟೌ ಉರಿ ಸರಿಯಿಲ್ಲ" ಎಂದರು ನಂಜುಂಡಸ್ವಾಮಿ. "ನೀರು ಶುದ್ಧವಿಲ್ಲ. ಇದು ಪ್ರಯೋಗದ ಕ್ರಮವಲ್ಲ. ಪೂಜೆಯ ದಿನ ಇಂಥ ಅಪಚಾರ..."

"ಡಾಕ್ಟರೇ, ಒಂದು ನಿಮಿಷ" ಎಂದ ದೇವಯ್ಯ ಅವಳ ಕಡೆಗೇ ನೋಡುತ್ತಿದ್ದರು. "ಡಬ್ಬಿ ಬೆಂದಿದೆಯೋ ಇಲ್ಲವೋ ಅಷ್ಟು ಹೇಳಿ."

"ಇಲ್ಲ."

ಅಂದು ಕಾಫಿ ಯಾರೂ ಕುಡಿಯಲಿಲ್ಲ. ಡಬ್ಬಿಗಳು ಉಗ್ರಾಣದಲ್ಲೇ ಉಳಿದವು.

ಇನ್ನು ಮುಂದಿನ ನಾಲ್ಕು ದಿನದ ವ್ಯವಹಾರ ನೋಡಿದರೆ ಸಂತೆಪೇಟೆಯ ದಲ್ಲಾಳಿಗಳು ನಂಜುಂಡಸ್ವಾಮಿಯವರ ಕಾಲಿಗೆ ಬೀಳಬೇಕು. ಎರಡನೆಯ ದಿನ ಅವರು ಬೀರುವಿನಿಂದ ಅವಳ ಹಾಳೆಗಳನ್ನು ತೆಗೆದರು. ಮೂರನೆಯ ದಿನ 'ಎತ್ತರದ ಪ್ರದೇಶಗಳಲ್ಲಿ ಉಷ್ಣಮಾಪಕದ ತಿದ್ದುಪಡಿ: ಒಂದು ಹೊಸ ಶೋಧನೆ' ಎಂಬ ವರದಿ ಅವರ ಒಬ್ಬರದೇ ಹೆಸರಿನಲ್ಲಿ ದಿಲ್ಲಿಗೆ ಹೋಯಿತು. ನಾಲ್ಕನೆಯ ದಿನ ದೇವಿರಮ್ಮನಿಗೆ ಮೆಮೊ ಬಂತು: ಅನುಮತಿಯಿಲ್ಲದೆ ಮೂಲ ಮಾಪಕವನ್ನು ಮುಟ್ಟಿದ್ದು, ಅತಿಥಿಯ ಮುಂದೆ ಅವಿಧೇಯತೆ, ಸಹೋದ್ಯೋಗಿಗಳ ಧಾರ್ಮಿಕ ಭಾವನೆಗೆ ನೋವು. ಒಂದು ತಿಂಗಳೊಳಗೆ ಲಿಖಿತ ಕ್ಷಮಾಪಣೆ ಬಾರದಿದ್ದರೆ ತಾತ್ಕಾಲಿಕ ಹುದ್ದೆ ಮುಂದುವರಿಯುವುದಿಲ್ಲ. ಸರಕು ಅವಳದು, ಮುದ್ರೆ ಅವರದು, ದಂಡ ಮತ್ತೆ ಅವಳದು.

ಆ ಸಂಜೆ ಅವಳು ಅಂಗಡಿಗೆ ಹೋಗಿ ಅಪ್ಪನ ಎದುರು ಬೆಲ್ಲದ ಮೂಟೆಯ ಮೇಲೆ ಕೂತಳು.

"ಕ್ಷಮಾಪಣೆ ಬರಕೊಟ್ಟುಬುಡು" ಅಂದ ಮರಿಸ್ವಾಮಿ. "ಎರಡು ಸಾಲು ತಾನೆ."

"ನಾನೇನು ತಪ್ಪು ಮಾಡಿದೆ ಅಪ್ಪ?"

"ತಪ್ಪು ಮಾಡಿದ್ರೆ ಬರಿಬ್ಯಾಡ ಅಂತಿದ್ದೆ. ಮಾಡಿಲ್ವಲ್ಲ, ಬರ್ದ್ರೆ ಏನೂ ಕಳ್ಕಳಾಕಿಲ್ಲ."

"ಎರಡು ವರ್ಷ ಹೋದ ಡಬ್ಬಿ ಯಾರು ತಿಂದರು ಅಂತ ಕೇಳಿದೆ. ಯಾವ ಪಲ್ಟನ್‌ಗೆ ಹೋಯ್ತು, ಯಾರಿಗಾದರೂ ಏನಾದರೂ ಆಯ್ತಾ ಅಂತ. ರಹಸ್ಯ ಅಂದ್ರು." ಅವಳ ದನಿ ಏರಲಿಲ್ಲ. "ನಾನು ಬರೆಯಲ್ಲ."

ಮರಿಸ್ವಾಮಿ ಅವಳ ಮುಖ ನೋಡಿ, ಮಾತು ಮುಂದುವರಿಸುವುದು ಲಾಭದ ಬಾಬತ್ತಲ್ಲ ಎಂದು ತಿಳಿದು, ಮುಂದಿನ ಗಿರಾಕಿಯನ್ನು ಕರೆದ.

ಅಕ್ಟೋಬರ್ ಇಪ್ಪತ್ತರಂದು ಗಡಿಯಲ್ಲಿ ಯುದ್ಧ ಶುರುವಾಯಿತು. ಡಬ್ಬಿ ಬೇಕೆಂದು ದಿಲ್ಲಿಯಿಂದ ದಿನಕ್ಕೆರಡು ತಂತಿ. ಆದರೆ ಹೊಸ ವರದಿಗೆ ಒಪ್ಪಿಗೆ ಸಿಗುವವರೆಗೆ ಆವಿಪಾತ್ರೆ ಹಚ್ಚುವಂತಿಲ್ಲ. ಒಪ್ಪಿಗೆ ಕೊಡಬೇಕಾದವನು ದಿಲ್ಲಿಯಲ್ಲಿ ಯಾರೋ ಚಿಕ್ಕ ವಯಸ್ಸಿನ, ಎಲ್ಲವನ್ನೂ ಓದುವ ದುರಭ್ಯಾಸವಿದ್ದ ಅಧಿಕಾರಿ. ಅವನು ಒಂದೇ ಪ್ರಶ್ನೆ ಬರೆದು ಕಳಿಸಿದ: ವರದಿಯಲ್ಲಿರುವ ವಾಯುಭಾರದ ಮೂರು ಅಂಕಿಗಳನ್ನು ಯಾವ ದಿನ, ಯಾವ ಉಪಕರಣದಲ್ಲಿ, ಯಾರು ಓದಿದರು?

ಎಂಟನೇ ಘಟಕದಲ್ಲಿ ವಾಯುಭಾರಮಾಪಕವೇ ಇರಲಿಲ್ಲ. ಇದ್ದ ಕಾಲೇಜಿನ ಪುಸ್ತಕದಲ್ಲಿ ಆ ದಿನದ ಮೂರು ಹೊತ್ತಿಗೂ ಒಂದೇ ಹೆಸರಿತ್ತು. ನಂಜುಂಡಸ್ವಾಮಿ ಪ್ರಶ್ನೆಯನ್ನು ದೇವಿರಮ್ಮನ ಮೇಜಿಗೆ ಕಳಿಸಿ, ಉತ್ತರದ ಕರಡು ಬೇಕು ಎಂದು ಅಂಚಿನಲ್ಲಿ ಬರೆದರು. ಹತ್ತು ನಿಮಿಷದಲ್ಲಿ ಕಾಗದ ವಾಪಸು ಬಂತು. ಕೆಳಗೆ ಅವಳ ಕೈಬರಹ: 'ಸದರಿ ವರದಿ ರಹಸ್ಯ. ಓದುವ ಅಧಿಕಾರ ನನಗಿಲ್ಲ. ಓದದ ವರದಿಯ ಬಗ್ಗೆ ಉತ್ತರ ಬರೆಯುವುದು ನಿಯಮಬಾಹಿರ.'

ಎಂಟು ವರ್ಷದಲ್ಲಿ ಮೊದಲ ಸಲ ನಿರ್ದೇಶಕರು ಅವಳ ಕೋಣೆಗೆ ನಡೆದು ಬಂದರು. ಕೂರಲು ಅವಳು ಹೇಳಲಿಲ್ಲ. ಇನ್ನೊಂದು ಕುರ್ಚಿ ಅಲ್ಲಿರಲೂ ಇಲ್ಲ.

"ಅಲ್ಲಿ ನಮ್ಮ ಹುಡುಗರು ಹಿಮದಲ್ಲಿ ಹಸಿದು ಕೂತಿದ್ದಾರೆ. ನಿಮಗೆ ನಿಯಮ ಮುಖ್ಯವಾಯ್ತಾ?"

"ಆ ಹುಡುಗರ ಹೆಸರು ಹೇಳಬೇಡಿ ಸಾರ್. ಬೇಯದ ಮಾಂಸ ಅವರಿಗೆ ಕಳಿಸೋಕೆ ಹೊರಟಾಗ ನಿಮಗೆ ಅವರು ನೆನಪಾಗಲಿಲ್ಲ."

"ಏನು ಬೇಕು ನಿಮಗೆ?"

ಅವಳು ಮೊದಲೇ ಬರೆದಿಟ್ಟಿದ್ದ ಕಾಗದ ಮುಂದೆ ತಳ್ಳಿದಳು. ಮೂರು ಸಾಲು. ಉತ್ತರ ಅವಳ ಹೆಸರಿನಲ್ಲೇ ಹೋಗಬೇಕು, ಅವರು ರವಾನೆಯ ಸಹಿಯಷ್ಟೇ ಹಾಕಬೇಕು. ಮೆಮೊ ಹಿಂತೆಗೆದುಕೊಳ್ಳಬೇಕು. ಇನ್ನು ಮುಂದೆ ಪಾತ್ರೆಯ ಅಂಕಿಗಳನ್ನು ಅವಳೇ ಆವಿ ಕೋಣೆಯೊಳಗೆ ನಿಂತು ಓದಬೇಕು.

"ಇಂಥ ಹೊತ್ತಿನಲ್ಲಿ ಒಂದು ಕೋಣೆಗೋಸ್ಕರ ಚೌಕಾಸಿ ಮಾಡ್ತಿದ್ದೀರಾ?" ಎಂದರು ನಂಜುಂಡಸ್ವಾಮಿ.

"ಆ ಕೋಣೆಯೊಳಗೆ ನಾನಿದ್ದಿದ್ದರೆ ಮುಳ್ಳು, ಮಾಪಕ ಎರಡನ್ನೂ ನಾನೇ ಒರೆಹಚ್ಚಿ ನೋಡ್ತಿದ್ದೆ, ಜೋಡಿಸಿದ ದಿನವೇ ಗೊತ್ತಾಗ್ತಿತ್ತು. ಎರಡು ವರ್ಷದ ಡಬ್ಬಿ. ಲೆಕ್ಕ ಹಾಕಿ ನೋಡಿ, ಯಾರು ಚೌಕಾಸಿ ಮಾಡಿದ್ದು ಅಂತ."

ಅವರು ನಿಂತೇ ಸಹಿ ಹಾಕಿದರು. ಮೂರನೆಯ ಸಾಲಿನಲ್ಲಿ 'ಪ್ರವೇಶ' ಎಂಬುದರ ಹಿಂದೆ 'ತಾತ್ಕಾಲಿಕ' ಎಂದು ಸೇರಿಸಲು ಮರೆಯಲಿಲ್ಲ. ಅವಳ ಉತ್ತರ ಆಗಲೇ ಸಿದ್ಧವಿತ್ತು. ಅರ್ಧ ಗಂಟೆಯಲ್ಲಿ ತಂತಿ ಕಚೇರಿಗೆ ಹೋಯಿತು. ಮರುದಿನ ಒಪ್ಪಿಗೆ ಬಂತು. ವರದಿಯ ಮುಖಪುಟದಲ್ಲಿ ನಂಜುಂಡಸ್ವಾಮಿಯ ಹೆಸರೇ ಉಳಿಯಿತು, ಅದಕ್ಕೆ ಅವರಿಗೆ ಮುಂದೆ ಪದಕವೂ ಸಿಕ್ಕಿತು. ದೇವಿರಮ್ಮನ ಕೆಲಸ ಖಾಯಂ ಆದದ್ದು ೧೯೬೬ರಲ್ಲಿ, ಅವಳಿಗೆ ಮೂವತ್ತೆಂಟು ತುಂಬಿದ ಮೇಲೆ. ಈ ಬಗ್ಗೆ ಯಾರಾದರೂ ಅನುಕಂಪ ತೋರಿಸಿದರೆ ಅವಳು ಅವರನ್ನೂ ಕ್ಷಮಿಸುತ್ತಿರಲಿಲ್ಲ.

ಒಪ್ಪಿಗೆ ಬಂದ ಬೆಳಿಗ್ಗೆ ಸೆರಗು ಸೊಂಟಕ್ಕೆ ಬಿಗಿದು ಅಂಗಳ ದಾಟಿದಳು. ಹುಚ್ಚಣ್ಣ ಬಾಗಿಲು ತೆಗೆದು ಪಕ್ಕಕ್ಕೆ ಸರಿದ.

ಒಳಗೆ ಅವಳ ತಾಯಿಯ ಅಡುಗೆಮನೆಗಿಂತ ಸ್ವಲ್ಪ ದೊಡ್ಡದಾದ ಜಾಗ. ಕಬ್ಬಿಣದ ಪಾತ್ರೆ, ಎರಡು ನಲ್ಲಿ, ಒಂದು ಒತ್ತಡದ ಮುಳ್ಳು. ಗೋಡೆಗೆ ಮಸಿ. ಮೂಲೆಯಲ್ಲಿ ಹುಚ್ಚಣ್ಣನ ಬುತ್ತಿ, ಮೊಳೆಗೆ ಅವನ ಅಂಗಿ. ಅಷ್ಟೇ. ಅವಳು ಸುತ್ತ ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು. ಬೇರೆ ಏನಾದರೂ ಇರಬಹುದೆಂದು, ಎಂಟು ವರ್ಷಕ್ಕೆ ತಕ್ಕದ್ದು ಏನಾದರೂ.

"ಇಷ್ಟೇನಾ ಹುಚ್ಚಣ್ಣ?"

"ಇಷ್ಟೇ ಕಣ್ರವ್ವ. ಸೆಕೆ ಐತೆ ಅಂತ ಅವತ್ತೇ ಯೋಳಿದ್ನಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ಅದು ಸೆಕೆಗೂ ಅಲ್ಲ, ಸಂತೋಷಕ್ಕೂ ಅಲ್ಲ ಎಂದು ಹುಚ್ಚಣ್ಣನಿಗೂ ತಿಳಿಯಿತು. ಅವನು ಸ್ಟೂಲು ಎಳೆದು ತಂದಿಟ್ಟ.

"ಕೂತ್ಕಳಿ. ಎಂಬತ್ತೈದು ನಿಮಿಷ ನಿಂತ್ರೆ ಕಾಲು ಬಾತ್ಕತವೆ."

"ಮುಚ್ಚಳ ಬಿಗಿ" ಎಂದಳು ದೇವಿರಮ್ಮ. "ಮುಳ್ಳು ಹತ್ತಕ್ಕೆ ಬಂದಾಗ ಹೇಳು. ಗಡಿಯಾರ ನಾನು ನೋಡ್ತೀನಿ."

ಅವನು ಮುಚ್ಚಳ ಬಿಗಿದ. ಅವಳು ನಿಂತೇ ಇದ್ದಳು.